ಓದುಗರ ಪ್ರಶ್ನೆ, ನಮ್ಮ ಉತ್ತರ: ಮೀನಿಲ್ಲದ ಮೀನು, ಮಾಂಸವಿಲ್ಲದ ಮಾಂಸ

ಸಸ್ಯಮೂಲದ ಮಾಂಸ, ಮೀನು ಮತ್ತು ಹಾಲುಗಳ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳು ಹೆಚ್ಚಾಗಿದ್ದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಹೆಸರು ಹಾಕಬಾರದೆಂದು ಹಲವರು ಕೋರಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಯುಗಾದಿ ಹೊಸತೊಡಕಿಗೆ ಊರಿಗೆ ಬರುವಾಗ ಸಸ್ಯಮೂಲದ ‘ಮೀನಿನ ಫ್ರೈ’ ಪ್ಯಾಕೆಟ್ ತಂದಿದ್ದ. ಮೊಮ್ಮಗಳು ಒಂದು ತುಂಡು ತಿಂದಳು. ಉಳಿದವರೆಲ್ಲ ತಟ್ಟೆಯ ಅಂಚಿಗೆ ಸರಿಸಿದೆವು. ನಾವು ಹಳೆಯ ಕಾಲದವರು, ಹೊಸದನ್ನು ಒಪ್ಪುವುದಿಲ್ಲ ಎಂದು ಅವನು ಬೇಸರ ಮಾಡಿಕೊಂಡ. ಅದರಲ್ಲಿ ಏನೇನಿರುತ್ತದೆ? ಅದೇಕೆ ಮೀನಿನಂತೆ ಇರಲಿಲ್ಲ? ನಮ್ಮ ನಾಲಗೆಯದೇ ದೋಷವೇ? (ನಿವೃತ್ತ ಶಿಕ್ಷಕರು, ಮುಳಬಾಗಿಲು)

ನಿಮ್ಮ ನಾಲಗೆಯಲ್ಲಿ ಯಾವ ದೋಷವೂ ಇಲ್ಲ ಮಾಸ್ತರರೇ. ಸಸ್ಯಮೂಲದ ಪದಾರ್ಥಗಳಲ್ಲಿ ಮೀನನ್ನು ಅನುಕರಿಸುವುದೇ ಅತ್ಯಂತ ಕಷ್ಟದ ಕೆಲಸವೆಂಬುದನ್ನು ಅವುಗಳನ್ನು ತಯಾರಿಸುವವರೂ ಒಪ್ಪುತ್ತಾರೆ. ಇಂಥ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಯಾ ಅಥವಾ ಬಟಾಣಿಯಿಂದ ಬೇರ್ಪಡಿಸಿದ ಪ್ರೋಟೀನ್, ಗೋಧಿಯ ಗ್ಲುಟೆನ್, ಎಣ್ಣೆ, ಪಿಷ್ಟ, ಇವನ್ನೆಲ್ಲ ಹಿಡಿದಿಡುವ ಒಂದು ಅಂಟು ಪದಾರ್ಥ, ಉಪ್ಪು ಮತ್ತು ರುಚಿಕಾರಕಗಳು. ಸಸ್ಯಮೂಲದ ಸೀಗಡಿಯಲ್ಲಾದರೆ ಕೊಂಜಾಕ್ ಎಂಬ ಗಡ್ಡೆಯ ಹಿಟ್ಟು ಮತ್ತು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಮುಖ್ಯವಾಗಿರುತ್ತವೆ. ಕೊಂಜಾಕ್ ನಮ್ಮ ಸುವರ್ಣಗಡ್ಡೆಯ ಕುಲಕ್ಕೇ ಸೇರಿದ ಗಿಡ. ಅದರ ಹಿಟ್ಟು ನೀರು ಹೀರಿ ಸೀಗಡಿಯಂತೆ ಪುಟಿಯುವ ಗಟ್ಟಿತನ ಕೊಡುತ್ತದೆಯಾದರೂ ಅದರಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬಹುದು.

ಪ್ರೋಟೀನ್ ಹಿಟ್ಟಿಗೆ ನೀರು ಸೇರಿಸಿ, ಬಿಸಿ ಮತ್ತು ಒತ್ತಡದಲ್ಲಿ ಯಂತ್ರದ ಮೂಲಕ ಹಾಯಿಸಿದಾಗ ಅದು ಉದ್ದುದ್ದ ಎಳೆಗಳಾಗಿ ಹೊರಬರುತ್ತದೆ. ಕೋಳಿಮಾಂಸವೂ ಎಳೆಯೆಳೆಯಾಗಿಯೇ ಬಿಡಿಸಿಕೊಳ್ಳುವುದರಿಂದ ಸಸ್ಯಮೂಲದ ಕೋಳಿ ಮಸಾಲೆಯಲ್ಲಿ ಮುಳುಗಿದ ಮೇಲೆ ಬಹುಮಟ್ಟಿಗೆ ಒಪ್ಪಿಗೆಯಾಗುತ್ತದೆ. ಮೀನಿನ ಸ್ನಾಯುವಿನ ರಚನೆ ಬೇರೆ. ಅಲ್ಲಿ ಎಳೆಗಳು ಗಿಡ್ಡವಾಗಿದ್ದು ಪದರ ಪದರವಾಗಿ ಜೋಡಣೆಯಾಗಿರುತ್ತವೆ, ಪದರಗಳ ನಡುವೆ ತೆಳುವಾದ ಕೊಲಾಜೆನ್ ಪೊರೆಯಿರುತ್ತದೆ, ಆ ಪೊರೆ ಸ್ವಲ್ಪ ಬಿಸಿಗೇ ಕರಗಿಬಿಡುತ್ತದೆ. ಬೆಂದ ಕಾಟ್ಲಾ ತುಂಡನ್ನು ಬೆರಳಿನಿಂದ ಒತ್ತಿದರೆ ಹೂವಿನ ಎಸಳಿನಂತೆ ಬಿಡಿಸಿಕೊಳ್ಳುವುದು ಈ ಕಾರಣದಿಂದ. ಸಸ್ಯಮೂಲದ ಮೀನಿನ ತುಂಡನ್ನು ನಾನು ಅಡುಗೆಮನೆಯಲ್ಲಿ ಚಾಕುವಿನಿಂದ ಅಡ್ಡಲಾಗಿ ಸೀಳಿ ನೋಡಿದ್ದೇನೆ: ಹೊರಗೆ ಬ್ರೆಡ್ ಪುಡಿಯ ಗರಿಗರಿ ಪದರ ಚೆನ್ನಾಗಿಯೇ ಇರುತ್ತದೆ, ಒಳಗೆ ಒಂದೇ ಹದದ, ಒಂದೇ ಬಣ್ಣದ ಮುದ್ದೆಯಿರುತ್ತದೆ. ಕೊಬ್ಬಿನ ನವಿರು, ಚರ್ಮದ ಗರಿ, ಮುಳ್ಳಿನ ಬದಿಯ ರುಚಿ ಯಾವುದೂ ಅಲ್ಲಿಲ್ಲ. ಮೀನಿನ ಮುಳ್ಳು ಬಿಡಿಸಿಕೊಂಡು ತಿಂದು ಬೆಳೆದವರಿಗೆ ಇದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಮೀನನ್ನು ಹೆಚ್ಚು ತಿಂದಿರದ ನಿಮ್ಮ ಮೊಮ್ಮಗಳಿಗೆ ಗೊತ್ತಾಗದೆ ಹೋದದ್ದು ಸಹಜ.

ಇನ್ನು ಒಪ್ಪುವ, ಒಪ್ಪದ ಮಾತು. ಒಂದು ಪದಾರ್ಥಕ್ಕೆ ಬದಲಿ ಹುಡುಕುವ ಮುನ್ನ ಆ ಪದಾರ್ಥ ನಮ್ಮ ಊಟದಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಣ ಸೀಗಡಿಯನ್ನು ಬಾಣಲೆಯಲ್ಲಿ ಹುರಿದು, ತಲೆ ಬಾಲ ಮುರಿದು, ಬದನೆಕಾಯಿ ಸಾರಿಗೆ ಹಾಕುವ ಮನೆಯಲ್ಲಿ ಸೀಗಡಿಯ ಕೆಲಸ ರುಚಿ ಮತ್ತು ವಾಸನೆ. ಪ್ರೋಟೀನಿನ ಲೆಕ್ಕ ಅಲ್ಲಿ ಹಿಂದೆ ಬೀಳುತ್ತದೆ. ವಾರಕ್ಕೊಮ್ಮೆ ಬೂತಾಯಿಯನ್ನೋ ಬಂಗುಡೆಯನ್ನೋ ತಿನ್ನುವ ಹೃದ್ರೋಗಿಗೆ ಮೀನಿನ ಕೆಲಸ ಒಮೆಗಾ-3 ಕೊಬ್ಬು ಒದಗಿಸುವುದು. ಹೊಸತೊಡಕಿನ ದಿನವಾದರೆ ಮಾಂಸದ ಕೆಲಸ ಇವೆರಡೂ ಅಲ್ಲ. ನೆಂಟರಿಷ್ಟರು ಕೂಡಿ, ಗುಡ್ಡೆ ಬಾಡನ್ನು ಪಾಲು ಹಾಕಿಕೊಂಡು, ವರ್ಷದ ಮೊದಲ ಬಾಡೂಟ ಮಾಡುವುದೇ ಆ ದಿನದ ಸೊಗಸು. ಪ್ಯಾಕೆಟ್ ಎಷ್ಟೇ ಒಳ್ಳೆಯದಾಗಿದ್ದರೂ ಆ ದಿನದ ಕೆಲಸವನ್ನು ಅದು ಮಾಡಲಾರದು. ನಿಮ್ಮ ಮಗ ಆರಿಸಿಕೊಂಡ ದಿನ ಸರಿಯಿರಲಿಲ್ಲ, ಅಷ್ಟೇ. ಅದನ್ನೇ ಒಂದು ಸಂಜೆ ಬಜ್ಜಿ ಬೋಂಡಗಳ ಹಾಗೆ ಕರಿದು ಕಾಫಿಯೊಂದಿಗೆ ಇಟ್ಟಿದ್ದರೆ ಯಾರೂ ಅದನ್ನು ಮೀನಿನೊಂದಿಗೆ ತೂಗಿ ನೋಡುತ್ತಿರಲಿಲ್ಲ.

ವಿದೇಶಗಳ ಅನುಭವವೂ ಹೆಚ್ಚು ಭಿನ್ನವಾಗಿಲ್ಲ. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ, ಸಸ್ಯಮೂಲದ ಮಾಂಸ ತಯಾರಿಸುವ ಬಿಯಾಂಡ್ ಮೀಟ್ ಕಂಪನಿ 2019ರಲ್ಲಿ ಷೇರುಪೇಟೆಗೆ ಬಂದಾಗ ಅದರ ಷೇರಿಗೆ ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಆ ಉತ್ಸಾಹ ಇಳಿದುಹೋಯಿತು. ಅಲ್ಲಿ ಇಂಥ ಪದಾರ್ಥಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮಾಂಸ ತಿನ್ನುವವರೇ. ಮೊದಲ ಸಲ ಕುತೂಹಲಕ್ಕೆ ಕೊಳ್ಳುತ್ತಾರೆ, ಎರಡನೆಯ ಸಲ ಕೊಳ್ಳಬೇಕೇ ಎಂಬುದನ್ನು ರುಚಿ ಮತ್ತು ಬೆಲೆ ತೀರ್ಮಾನಿಸುತ್ತವೆ. ಪರಿಸರ, ಪ್ರಾಣಿದಯೆ ಮುಂತಾದ ಕಾರಣಗಳು ಮಾತಿನಲ್ಲಿ ಮುಂದೆ ನಿಂತರೂ ಅಂಗಡಿಯಲ್ಲಿ ಹಿಂದೆ ಸರಿಯುತ್ತವೆ. ನೀವು ತಟ್ಟೆಯ ಅಂಚಿಗೆ ಸರಿಸಿದ ತುಂಡನ್ನು ಅಲ್ಲಿಯೂ ಬಹಳ ಮಂದಿ ಸರಿಸಿದ್ದಾರೆಂದು ಮಗನಿಗೆ ಸಮಾಧಾನವಾಗಿ ಹೇಳಿ.

ನಮ್ಮದು ತಲೆಮಾರುಗಳಿಂದ ಸಸ್ಯಾಹಾರಿ ಮನೆ. ಮಗ ಸ್ನೇಹಿತರ ಮನೆಯಲ್ಲಿ ಸಸ್ಯಮೂಲದ ಕಬಾಬ್ ತಿಂದು ಬಂದು ಮನೆಯಲ್ಲೂ ಮಾಡಿಕೊಡೆಂದು ಹಟ ಹಿಡಿದಿದ್ದಾನೆ. ಹಸಿರು ಗುರುತಿರುವ ಪ್ಯಾಕೆಟ್ ತಂದರೂ ನಮ್ಮ ಅತ್ತೆಯವರು ಅದನ್ನು ಅಡುಗೆಮನೆಗೆ ಸೇರಿಸಲಿಲ್ಲ. “ಮಾಂಸದ ಹೆಸರು, ಮಾಂಸದ ವಾಸನೆ ಇರುವುದು ಸಸ್ಯಾಹಾರ ಹೇಗಾಯಿತು?” ಎನ್ನುತ್ತಾರೆ. ಯಾರ ಮಾತು ಸರಿ? (ಗೃಹಿಣಿ, ತುಮಕೂರು)

ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಗನ ಮಾತು ಸರಿ. ಹಸಿರು ಚೌಕದೊಳಗೆ ಹಸಿರು ಬೊಟ್ಟಿದ್ದರೆ ಅದರಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲವೆಂದು ಅರ್ಥ. ಹಾಲು, ಜೇನುತುಪ್ಪಗಳು ಇರಬಹುದು. ಅವೂ ಇರಬಾರದೆನ್ನುವವರಿಗಾಗಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಗಳ ನಿಯಮಾವಳಿಯನ್ನು ಜಾರಿಗೆ ತಂದು, ಎಲೆಯ ಚಿತ್ರವಿರುವ ಹಸಿರು ಬಣ್ಣದ ಪ್ರತ್ಯೇಕ ಗುರುತನ್ನು ಗೊತ್ತುಮಾಡಿದೆ. ಮಾಂಸಾಹಾರದ ಗುರುತು ಮೊದಲು ಕಂದು ಬಣ್ಣದ ಬೊಟ್ಟಾಗಿತ್ತು, ಈಗಿನ ನಿಯಮದಂತೆ ಕಂದು ತ್ರಿಕೋನವಾಗಿದೆ. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಈ ಬದಲಾವಣೆಯಿಂದ ಅನುಕೂಲವಾಗಿದೆ.

ಆದರೆ ನಿಮ್ಮ ಅತ್ತೆಯವರು ಎತ್ತಿರುವ ಪ್ರಶ್ನೆ ಗುರುತಿನದ್ದಲ್ಲ, ಅದನ್ನು ಹಗುರವಾಗಿ ಕಾಣಬಾರದು. ಮಾಂಸವನ್ನು ಎಂದೂ ಬಯಸದವರಿಗೆ ಅದರ ಅನುಕರಣೆಯೂ ಬೇಡವಾಗಿರುತ್ತದೆ, ಮಾತ್ರವಲ್ಲ ಅಸಹ್ಯವಾಗಿಯೂ ಕಾಣಬಹುದು. ಅನುಕರಣೆ ಹೆಚ್ಚು ಹೆಚ್ಚು ಯಶಸ್ವಿಯಾದಂತೆ ಅವರಿಗೆ ಅದು ಹೆಚ್ಚು ಹೆಚ್ಚು ಒಲ್ಲದ ಪದಾರ್ಥವಾಗುತ್ತದೆ. ಭಾರತದಲ್ಲಿ ಸಸ್ಯಾಹಾರಿಗಳ ಸಂಖ್ಯೆ ದೊಡ್ಡದಾದ್ದರಿಂದ ಈ ಪದಾರ್ಥಗಳಿಗೆ ಇಲ್ಲಿ ದೊಡ್ಡ ಮಾರುಕಟ್ಟೆಯಿದೆಯೆಂದು ಎಣಿಸುವ ವ್ಯಾಪಾರಿಗಳು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ಇನ್ನೊಂದು ವರ್ಗದ ಜನರನ್ನೂ ಗಮನಿಸಿ. ಪ್ಯೂ ಸಂಶೋಧನಾ ಕೇಂದ್ರವು ಭಾರತದಲ್ಲಿ ಸಮೀಕ್ಷೆ ನಡೆಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಲ್ಲಿ ಶೇ. 39ರಷ್ಟು ಮಂದಿ ತಾವು ಸಸ್ಯಾಹಾರಿಗಳೆಂದು ಹೇಳಿಕೊಂಡರು. ಆದರೆ ಮಾಂಸಾಹಾರಕ್ಕೆ ಒಂದಲ್ಲ ಒಂದು ಮಿತಿ ಹಾಕಿಕೊಂಡವರು, ಅಂದರೆ ಕೆಲವು ದಿನ ತಿನ್ನದವರು ಅಥವಾ ಕೆಲವು ಮಾಂಸ ಮುಟ್ಟದವರು, ಸಸ್ಯಾಹಾರಿಗಳೂ ಸೇರಿ ಶೇ. 81ರಷ್ಟಿದ್ದರು. ನಮ್ಮ ಮೂರು ಜಿಲ್ಲೆಗಳಲ್ಲಿ ಸೋಮವಾರ, ಶನಿವಾರ, ಶ್ರಾವಣ ಮಾಸಗಳಲ್ಲಿ ಬಾಡು ಬಿಡುವ ಮನೆಗಳು ಊರೂರಿನಲ್ಲೂ ಇವೆ. ಆ ದಿನಗಳಲ್ಲಿ ಅವರು ಸೋಯಾ ಮೀನನ್ನು ಕೊಳ್ಳಬಹುದೆಂಬ ಊಹೆಯೂ ನನಗೆ ಒಪ್ಪಿಗೆಯಾಗುವುದಿಲ್ಲ. ವ್ರತದ ದಿನ ಮಾಂಸ ಬಿಟ್ಟವರು ಅದರ ನೆನಪನ್ನೂ ದೂರವಿಡಲು ಬಯಸುತ್ತಾರೆ. ಆ ದಿನದ ಮುದ್ದೆಗೆ ಬಸ್ಸಾರು, ಹುರುಳಿಕಾಳಿನ ಸಾರು, ಅವರೆಯ ಕಾಲದಲ್ಲಿ ಹಿದುಕಿದ ಬೇಳೆ ಸಾರು ತಾವಾಗಿಯೇ ಬಂದು ನಿಲ್ಲುತ್ತವೆ.

ಮನೆಯ ಮಟ್ಟಿಗೆ ಹೇಳುವುದಾದರೆ, ಅಡುಗೆಮನೆ ನಿಮ್ಮ ಅತ್ತೆಯವರು ದಶಕಗಳಿಂದ ನಡೆಸಿಕೊಂಡು ಬಂದದ್ದು. ಅವರ ಮನಸ್ಸು ನೋಯಿಸಿ ಒಂದು ಪ್ಯಾಕೆಟ್ ಕಬಾಬ್ ಕರಿಯುವುದರಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲ. ಮಗನಿಗೆ ಬೇಕಾಗಿರುವುದು ಬಹುಶಃ ಕಬಾಬಿನ ಖಾರ, ಹುಳಿ ಮತ್ತು ಗರಿಗರಿ. ಅದೇ ಮಸಾಲೆಯನ್ನು ಪನೀರ್, ಹೂಕೋಸು ಅಥವಾ ಅಣಬೆಗೆ ಸವರಿ ಕರಿದುಕೊಟ್ಟು ನೋಡಿ. ಹೊರಗೆ ತಿನ್ನುವಾಗ ಮಾತ್ರ ಒಂದು ಎಚ್ಚರಿಕೆ ಬೇಕು. ಸಸ್ಯಮೂಲದ ಕಬಾಬನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿಯುವ ಅಂಗಡಿಗಳಿವೆ, ಪ್ಯಾಕೆಟ್ಟಿನ ಹಸಿರು ಬೊಟ್ಟು ಆ ಬಾಣಲೆಯ ಮಟ್ಟಿಗೆ ಕೆಲಸಕ್ಕೆ ಬರುವುದಿಲ್ಲ. ಕೇಳಿಯೇ ತಿನ್ನಲು ಹೇಳಿ.

ಪದವಿ ಓದುತ್ತಿರುವ ಮಗಳು ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು ಮೊಸರನ್ನೂ ಬಿಟ್ಟಿದ್ದಾಳೆ. ಮನೆಯಲ್ಲೇ ಎರಡು ಹಸುಗಳಿವೆ, ಡೇರಿಗೆ ಹಾಲು ಹಾಕುತ್ತೇವೆ. ಹಾಗಿರುವಾಗ ಅವಳು ಬಾದಾಮಿ ಹಾಲಿನ ಡಬ್ಬ ತರಿಸಿಕೊಳ್ಳುವುದನ್ನು ಕಂಡು ಅವರಪ್ಪನಿಗೆ ಸಿಟ್ಟು. ನನಗೆ ಅವಳ ಆರೋಗ್ಯದ್ದೇ ಚಿಂತೆ. (ತಾಯಿ, ಶಿಡ್ಲಘಟ್ಟ)

ನಿಮ್ಮ ಮಗಳು ಪ್ರಾಣಿಗಳ ಮೇಲಿನ ಕರುಣೆಯಿಂದ ಹೀಗೆ ಮಾಡಿದ್ದರೆ ಆ ಭಾವನೆ ಗೌರವಕ್ಕೆ ಅರ್ಹವಾದದ್ದೇ. ಆಕೆಯ ತಂದೆಯ ಸಿಟ್ಟಿಗೂ ಕಾರಣವಿದೆ. ಹಸುವಿನ ಸೆಗಣಿ ಬಾಚಿ, ಮೇವು ಹೊಂದಿಸಿ, ಬೆಳಗಿನ ಜಾವ ಡೇರಿಗೆ ಹೋಗುವವರಿಗೆ ಮಗಳ ನಿರ್ಧಾರ ತಮ್ಮ ದುಡಿಮೆಯ ಮೇಲಿನ ಆಕ್ಷೇಪವಾಗಿ ಕೇಳಿಸಬಹುದು. ತಂದೆ ಮಗಳು ಕೂತು ಮಾತಾಡಬೇಕಾದ ವಿಷಯ ಅದು. ಆರೋಗ್ಯದ ವಿಷಯಕ್ಕೆ ಬರೋಣ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ವಿಟಮಿನ್ ಬಿ12. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ನಮಗೆ ಅದು ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ. ರಾಗಿ, ಸೊಪ್ಪು, ಕಾಳು ಯಾವುದರಲ್ಲೂ ನಂಬಿಕೊಳ್ಳುವಷ್ಟು ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ಶಿಫಾರಸು ಮಾಡಿದೆ. ಪ್ರಮಾಣ ಅತ್ಯಲ್ಪವೆಂದು ಕಾಣಬಹುದು, ಆದರೆ ಕೊರತೆಯಾದರೆ ಆಯಾಸ, ರಕ್ತಹೀನತೆ, ನಾಲಗೆಯ ಉರಿ, ಕೈಕಾಲು ಜೋಮು ಹಿಡಿಯುವುದು ಮುಂತಾದವು ಶುರುವಾಗುತ್ತವೆ. ನರಗಳಿಗಾದ ಹಾನಿಯನ್ನು ತಡವಾಗಿ ಗುರುತಿಸಿದರೆ ಅದು ಪೂರ್ತಿ ಸರಿಹೋಗದೆಯೂ ಇರಬಹುದು. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಹಾಲು ಬಿಟ್ಟು ಬಹಳ ಕಾಲ ಏನೂ ಆಗದಂತೆ ಕಂಡು, ಕೊರತೆ ಮೆಲ್ಲಗೆ ಮೇಲೇಳುತ್ತದೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ರಾಜಿ ಇಲ್ಲ. ಬಿ12 ಸೇರಿಸಿರುವ ಸಸ್ಯಮೂಲದ ಪದಾರ್ಥಗಳೂ ಇವೆ, ಆದರೆ ಎಲ್ಲದರಲ್ಲೂ ಸೇರಿಸಿರುವುದಿಲ್ಲ. ಪ್ಯಾಕೆಟ್ ಹಿಂಬದಿಯ ಪಟ್ಟಿಯನ್ನು ಓದದೆ ತಿಳಿಯುವುದಿಲ್ಲ.

ಬಾದಾಮಿ ಹಾಲಿನ ವಿಷಯದಲ್ಲಿ ನನಗೂ ನಿಮ್ಮ ಮನೆಯವರಂತೆಯೇ ಅಸಮಾಧಾನವಿದೆ, ಕಾರಣ ಮಾತ್ರ ಬೇರೆ. ಹಸುವಿನ ಹಾಲಿನಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು ಪ್ರೋಟೀನ್ ಇರುತ್ತದೆ. ಡಬ್ಬದ ಬಾದಾಮಿ ಪಾನೀಯದಲ್ಲಿ ಅದು ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿರುತ್ತದೆ, ಉಳಿದದ್ದು ಬಹುಪಾಲು ನೀರು. ಹಾಲಿನ ಮಟ್ಟಕ್ಕೆ ಹತ್ತಿರ ಬರುವುದು ಮುಖ್ಯವಾಗಿ ಸೋಯಾ ಹಾಲು. ಸುಣ್ಣದಂಶಕ್ಕೆ ನಿಮ್ಮ ಮನೆಯಲ್ಲೇ ರಾಗಿ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಅದು ಮೈಗೆ ಇನ್ನಷ್ಟು ಚೆನ್ನಾಗಿ ಹತ್ತುತ್ತದೆ. ಕಬ್ಬಿಣದಂಶಕ್ಕಾಗಿ ಸೊಪ್ಪು ಕಾಳುಗಳ ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಲಿ, ಊಟವಾದ ಕೂಡಲೇ ಕಾಫಿ ಟೀ ಬೇಡ. ಮೀನಿನಲ್ಲಿರುವ ಬಗೆಯ ಒಮೆಗಾ-3 ಸಸ್ಯಗಳಲ್ಲಿಲ್ಲ. ಅಗಸೆಬೀಜದಲ್ಲಿರುವ ಬಗೆಯನ್ನು ದೇಹವು ಅದಕ್ಕೆ ಪರಿವರ್ತಿಸಿಕೊಳ್ಳುವ ಪ್ರಮಾಣ ಬಹಳ ಕಡಿಮೆ. ಮೀನಿಗೂ ಅದು ಬರುವುದು ಸೂಕ್ಷ್ಮ ಪಾಚಿಗಳಿಂದಲೇ ಆದ್ದರಿಂದ ಪಾಚಿಯಿಂದ ತೆಗೆದ ಎಣ್ಣೆಯ ಗುಳಿಗೆಗಳು ಸಿಗುತ್ತವೆ, ಬೆಲೆ ಮಾತ್ರ ಹೆಚ್ಚು.

ಇಷ್ಟನ್ನು ನೋಡಿಕೊಂಡರೆ ಮಗಳು ಆರೋಗ್ಯವಾಗಿಯೇ ಇರುತ್ತಾಳೆ. ಅವಳ ಊಟದಲ್ಲಿ ಹಾಲು, ಮೊಟ್ಟೆಗಳು ಮಾಡುತ್ತಿದ್ದ ಕೆಲಸವನ್ನು ಡಬ್ಬದ ಒಂದು ಪದಾರ್ಥ ಒಬ್ಬಂಟಿಯಾಗಿ ಮಾಡಲಾರದೆಂಬುದು ಅವಳಿಗೆ ತಿಳಿದಿರಲಿ.

ಇದೆಲ್ಲ ಹೊರದೇಶದಿಂದ ಬಂದ ಹುಚ್ಚಲ್ಲವೇ? ಬೆಲೆ ನೋಡಿದರೆ ಕೈ ಸುಡುತ್ತದೆ. (ಶೇಂಗಾ ಬೆಳೆಗಾರರು, ಚಿಂತಾಮಣಿ)

ಬೆಲೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ಯಾಕೆಟ್ ಚಿಕ್ಕದಾದ್ದರಿಂದ ದರ ಕಡಿಮೆಯೆನಿಸಬಹುದು, ಕೆ.ಜಿ. ಲೆಕ್ಕಕ್ಕೆ ತಂದು ನೋಡಿದರೆ ಕೋಳಿಗಿಂತಲೂ ಕೆರೆಮೀನಿಗಿಂತಲೂ ದುಬಾರಿಯೇ. ಮನೆಗೆ ತಂದ ಮೇಲೆ ಫ್ರೀಜರಿನಲ್ಲಿಡಬೇಕಾದ ಪದಾರ್ಥ ಅದು, ವಿದ್ಯುತ್ ಕೈಕೊಡುವ ಊರುಗಳಲ್ಲಿ ಅದೂ ಒಂದು ತೊಡಕು.

ಹೊರದೇಶದ ಹುಚ್ಚು ಎಂಬ ಮಾತನ್ನು ಮಾತ್ರ ಒಪ್ಪಲಾರೆ, ಅದರಲ್ಲೂ ಶೇಂಗಾ ಬೆಳೆಯುವ ನಿಮ್ಮಿಂದ ಆ ಮಾತು ಬಂದಿರುವಾಗ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ, ವಿಟಮಿನ್ ಮತ್ತು ಖನಿಜಗಳನ್ನು ಸೇರಿಸಿ, ಬಹೂಪಯೋಗಿ ಆಹಾರವೆಂಬ ಪುಡಿಯನ್ನು ಸಿದ್ಧಪಡಿಸಿತು. ಮುಂದೆ ಅದೇ ಸಂಸ್ಥೆ ಶೇಂಗಾದಿಂದ ಬೇರ್ಪಡಿಸಿದ ಪ್ರೋಟೀನನ್ನು ಎಮ್ಮೆಯ ಹಾಲಿನೊಂದಿಗೆ ಸೇರಿಸಿ ‘ಮಿಲ್ಟೋನ್’ ಎಂಬ ಪಾನೀಯವನ್ನು ರೂಪಿಸಿತು. ಬೆಂಗಳೂರಿನಲ್ಲಿ ಅದು ತಯಾರಾಗಿ ಬಳಕೆಗೂ ಬಂದಿತ್ತು. ಹಾಲು ಸಾಲದ ಕಾಲದಲ್ಲಿ ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಮುಟ್ಟಿಸುವುದು ಅದರ ಉದ್ದೇಶವಾಗಿತ್ತು. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ (ಕ್ಷೀರಕ್ರಾಂತಿ) ಯೋಜನೆಯ ಫಲವಾಗಿ ಹಾಲಿನ ಉತ್ಪಾದನೆ ಏರಿದ ಮೇಲೆ ಅಂಥ ಪಾನೀಯದ ಅಗತ್ಯ ಕುಗ್ಗಿತೆಂದು ನನ್ನ ತಿಳಿವಳಿಕೆ. ಆಗಿನ ವಿಜ್ಞಾನಿಗಳು ಪ್ರೋಟೀನಿನ ಕೊರತೆಯನ್ನು ನೀಗಿಸಲು ಹೊರಟಿದ್ದರು. ಈಗಿನ ಕಂಪನಿಗಳು ಮುಖ್ಯವಾಗಿ ರುಚಿಯ ಅನುಕರಣೆಗೆ ಹೊರಟಿವೆ. ಕೈ ಸುಡುವ ಬೆಲೆಯ ಮೂಲ ಈ ವ್ಯತ್ಯಾಸದಲ್ಲಿದೆ. ಶೇಂಗಾದಲ್ಲಿ ಶೇ. 25ರಷ್ಟು ಪ್ರೋಟೀನ್ ಇರುವಾಗ ಪಾವಗಡದಿಂದ ಚಿಂತಾಮಣಿಯವರೆಗಿನ ಬೆಳೆಗಾರರ ಪಾಲಿಗೆ ಹಳೆಯ ದಾರಿಯನ್ನೇ ಯಾರಾದರೂ ಮತ್ತೆ ತುಳಿದರೆ ಚೆನ್ನಾಗಿತ್ತೆಂದು ನನಗೆ ಬಹಳ ಸಲ ಅನ್ನಿಸಿದೆ.

ನಾನು ಕೆರೆ ಗುತ್ತಿಗೆ ಹಿಡಿದು ಮೀನು ಸಾಕುತ್ತೇನೆ. ಸಸ್ಯಮೂಲದ ಮೀನು ಬಂದರೆ ನಮ್ಮ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆಯೇ? ಮೀನು ತಿನ್ನುವುದರಿಂದ ಪರಿಸರಕ್ಕೆ ಹಾನಿಯೆಂದು ಕಾಲೇಜು ಹುಡುಗರು ನಮ್ಮ ಮುಂದೆಯೇ ಹೇಳುತ್ತಾರೆ. (ಮೀನು ಕೃಷಿಕರು, ಗೌರಿಬಿದನೂರು)

ಕಾಲೇಜು ಹುಡುಗರು ಹೇಳುವುದರಲ್ಲಿ ಸತ್ಯವಿದೆ, ಆದರೆ ಅದು ಕಡಲಿಗೆ ಸಲ್ಲುವ ಸತ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿಯಂತೆ ಜಗತ್ತಿನ ಕಡಲಮೀನಿನ ಸಂಗ್ರಹಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಿನವನ್ನು ಮತ್ತೆ ತುಂಬಿಕೊಳ್ಳಲಾಗದಷ್ಟು ಹಿಡಿಯಲಾಗುತ್ತಿದೆ. ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಲ್ಲಿಸುವುದು ಮೀನು ಮರಿ ಮಾಡಲು ಬಿಡುವು ಕೊಡುವುದಕ್ಕಾಗಿಯೇ. ವಿದೇಶದ ಸಾಲ್ಮನ್ ಸಾಕಣೆಯಲ್ಲಿ ಸಾಕಿದ ಮೀನಿಗೆ ಕಡಲಿನಿಂದ ಹಿಡಿದ ಸಣ್ಣ ಮೀನುಗಳ ಹಿಟ್ಟು, ಎಣ್ಣೆಗಳನ್ನು ತಿನ್ನಿಸುವ ಸಮಸ್ಯೆಯೂ ಇದೆ.

ನಿಮ್ಮ ಕೆರೆಯ ಕಥೆ ಬೇರೆ. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರೋಹು ನಡುವಿನ ಪದರದಲ್ಲೂ ಮೃಗಾಲ್ ತಳದಲ್ಲೂ ಮೇಯುತ್ತವೆ. ಮೇಲೆ ಹಾಕುವ ಮೇವೂ ಸಾಮಾನ್ಯವಾಗಿ ಅಕ್ಕಿತೌಡು ಮತ್ತು ಶೇಂಗಾ ಹಿಂಡಿ. ಊರ ಕೆರೆಯಲ್ಲಿ ಬೆಳೆದು, ಊರಿನ ಹತ್ತಿರವೇ ಮಾರಾಟವಾಗುವ ಇಂಥ ಮೀನನ್ನು ಬಿಟ್ಟು, ದೂರದ ಕಾರ್ಖಾನೆಯಲ್ಲಿ ತಯಾರಾಗಿ ಶೀತಲ ವಾಹನದಲ್ಲಿ ಬರುವ ಪ್ಯಾಕೆಟ್ ಕೊಂಡರೆ ಪರಿಸರ ಉಳಿಯಿತೆಂಬ ವಾದವನ್ನು ನಾನು ನಂಬುವುದಿಲ್ಲ. ಪರಿಸರದ ಕಾಳಜಿಯುಳ್ಳ ಹುಡುಗರು ಮೊದಲು ಯಾವ ಮೀನು, ಎಲ್ಲಿಯದು, ಏನು ತಿಂದು ಬೆಳೆದದ್ದು ಎಂದು ಕೇಳಲಿ.

ವ್ಯಾಪಾರದ ಮಟ್ಟಿಗೆ ನಿಮಗೆ ಸದ್ಯಕ್ಕೆ ಆತಂಕ ಬೇಡ. ಭಾನುವಾರ ಬೆಳಿಗ್ಗೆ ಜೀವಂತ ಮೀನು ತೂಗಿಸಿ, ಕಣ್ಣೆದುರೇ ಪೊರೆ ತೆಗೆಸಿ, ತಲೆಯನ್ನು ಸಾರಿಗೆಂದು ಬೇರೆ ಕಟ್ಟಿಸಿಕೊಂಡು ಹೋಗುವ ಗಿರಾಕಿ ಪ್ಯಾಕೆಟ್ಟಿಗೆ ಒಲಿಯುವುದಿಲ್ಲ. ನಿಮ್ಮ ಗಿರಾಕಿಯ ಮನಸ್ಸು ಕೆಡಬಹುದಾದ ಕಾರಣ ಬೇರೆಯಿದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೂ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೂ ಹರಿಸಲಾಗುತ್ತಿದೆ. ಇದರಿಂದ ಅಂತರ್ಜಲಕ್ಕೆ ಆಗಿರುವ ಲಾಭವನ್ನು ರೈತರು ಬಲ್ಲರು. ಜೊತೆಗೆ ಆ ನೀರಿನ ಮೀನು ತಿನ್ನಬಹುದೇ ಎಂಬ ಅನುಮಾನವೂ ಗಿರಾಕಿಗಳಲ್ಲಿದೆ. ನಿಮ್ಮ ಕೆರೆಗೆ ಆ ನೀರು ಬರುತ್ತಿದ್ದರೆ ಮೀನನ್ನೂ ನೀರನ್ನೂ ಪ್ರಯೋಗಾಲಯದಲ್ಲಿ ಭಾರಲೋಹಗಳಿಗಾಗಿ ಪರೀಕ್ಷೆ ಮಾಡಿಸಿಕೊಡುವಂತೆ ಮೀನುಗಾರಿಕೆ ಇಲಾಖೆಗೆ ಲಿಖಿತ ಮನವಿ ಕೊಡಿ, ಬಂದ ವರದಿಯನ್ನು ಅಂಗಡಿಯಲ್ಲಿ ತೂಗುಹಾಕಿ. ಕೇಳುವವರಿಗೆ ಬಾಯಿಮಾತಿಗಿಂತ ಅದು ಮೇಲು.

ಹಲಸಿನಕಾಯಿ ಮಾಂಸಕ್ಕೆ ಬದಲಿಯಾಗುತ್ತದೆಂದು ಕೇಳಿದ್ದೇವೆ. ನಮ್ಮ ತೋಟದಲ್ಲಿ ಹಲಸು ಬಹಳವಿದೆ. (ರೈತ ಮಹಿಳೆ, ಗುಬ್ಬಿ)

ಹದಕ್ಕೆ ಆಗುತ್ತದೆ, ಪೋಷಣೆಗೆ ಆಗುವುದಿಲ್ಲ. ಬೀಜ ಬಲಿಯುವ ಮುನ್ನ ಕೊಯ್ದ ಎಳೆಕಾಯಿಯನ್ನು ಬೇಯಿಸಿದರೆ ಎಳೆಯೆಳೆಯಾಗಿ ಬಿಡಿಸಿಕೊಂಡು ಮಸಾಲೆ ಹೀರಿಕೊಳ್ಳುವುದರಿಂದ ಪಲ್ಯ, ಬಿರಿಯಾನಿ, ಕಬಾಬ್‌ಗಳಿಗೆ ಅದು ಬಹಳ ಒಪ್ಪುತ್ತದೆ. ಪ್ರೋಟೀನ್ ಮಾತ್ರ ಶೇ. 2-3ರಷ್ಟೇ, ಮಾಂಸ ಬಿಟ್ಟು ಹಲಸು ತಿನ್ನುವವರು ಜೊತೆಗೆ ಕಾಳು ಬೇಳೆ ತಿನ್ನಲೇಬೇಕು. ನಿಮ್ಮ ತಾಲ್ಲೂಕಿನ ಚೇಳೂರಿನಲ್ಲಿ ಗುರುತಿಸಲಾದ ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಹಣ್ಣಿಗಾಗಿ ಹೆಸರಾದದ್ದು, ಅದರ ಕಾಯಿಯನ್ನು ಎಳೆಯದರಲ್ಲೇ ಕೊಯ್ದು ಮಾರುವುದು ನಷ್ಟದ ಬಾಬ್ತು. ಬೀಜದಿಂದ ಹುಟ್ಟಿ, ಹಣ್ಣು ಸಪ್ಪೆಯಾಗಿ ಯಾರೂ ಕೇಳದ ಮರಗಳಿರುತ್ತವಲ್ಲ, ಎಳೆಕಾಯಿಗೆ ಅವು ತಕ್ಕವು. ಅಂಟು ತೆಗೆದು, ಹೆಚ್ಚಿ, ಉಪ್ಪುನೀರಿನಲ್ಲಿಟ್ಟೋ ಒಣಗಿಸಿಯೋ ಮಾರುವ ಕ್ರಮವನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಗಂಡಸರು ಸೋಯಾ ತಿನ್ನಬಾರದೆಂಬುದು ನಿಜವೇ? ಸೋಯಾ ಚಂಕ್ಸ್‌ನ ಹಸಿವಾಸನೆ ಹೋಗಲು ಏನು ಮಾಡಬೇಕು? (ಬಂಗಾರಪೇಟೆ)

ನಿಜವಲ್ಲ. ಸೋಯಾದಲ್ಲಿರುವ ಐಸೊಫ್ಲೇವೋನ್‌ಗಳೆಂಬ ಸಸ್ಯಜನ್ಯ ಪದಾರ್ಥಗಳು ಗಂಡಸರ ಹಾರ್ಮೋನನ್ನು ತಗ್ಗಿಸುವುದಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಗಳು ತಿಳಿಸಿವೆ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಮಾತ್ರೆಗೂ ಸೋಯಾ ಊಟಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿಡಬೇಕು. ಸೋಯಾ ಆ ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಸೋಯಾ ಒಗ್ಗದ ಅಲರ್ಜಿ ಇರುವವರು ತಿನ್ನಲೇಬಾರದು.

ಇಡೀ ಚರ್ಚೆಯಲ್ಲಿ ಹೆಚ್ಚು ಗೌರವಕ್ಕೆ ಪಾತ್ರವಾಗಬೇಕಾದದ್ದು ಮೀಲ್‌ಮೇಕರ್ ಎಂದು ನಾವು ಕರೆಯುವ ಈ ಸೋಯಾ ಚಂಕ್ಸ್ ಎಂದು ನಾನು ನಂಬುತ್ತೇನೆ. 100 ಗ್ರಾಂ ಒಣ ಚಂಕ್ಸ್‌ನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇದೆ, ಬೆಲೆ ಬಡವರ ಕೈಗೆಟುಕುವಂತಿದೆ, ಫ್ರೀಜರ್ ಬೇಕಿಲ್ಲ, ಮೀನು ಕೋಳಿ ಎಂಬ ಹೆಸರನ್ನೂ ಅದು ಹೊತ್ತಿಲ್ಲ. ಹಸಿವಾಸನೆ ಹೋಗಬೇಕಾದರೆ ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಆ ನೀರನ್ನು ಚೆಲ್ಲಿ, ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಪ್ರತಿಸಲವೂ ಅಂಗೈಯಲ್ಲಿ ಒತ್ತಿ ಚೆನ್ನಾಗಿ ಹಿಂಡಬೇಕು. ಮೊದಲ ಹಿಂಡಿನಲ್ಲಿ ಹಳದಿ ಬಣ್ಣದ ನೊರೆನೀರು ಬರುತ್ತದೆ, ವಾಸನೆಯೆಲ್ಲ ಅದರಲ್ಲೇ ಇರುವುದು. ನೀರು ತಿಳಿಯಾಗಿ ಬರುವವರೆಗೆ ಹಿಂಡಿ. ಬಳಿಕ ಮೊಸರು, ಶುಂಠಿ, ಬೆಳ್ಳುಳ್ಳಿ, ಖಾರದಪುಡಿ ಹಚ್ಚಿ ಅರ್ಧ ಗಂಟೆ ಇಟ್ಟು ಹುರಿದರೆ ಮಸಾಲೆ ಒಳಗಿನವರೆಗೂ ಇಳಿಯುತ್ತದೆ.

ಬಾದಾಮಿ ಹಾಲನ್ನು ‘ಹಾಲು’ ಎಂದು ಮಾರಬಾರದಂತೆ. ಹಾಗಾದರೆ ನಮ್ಮ ತೆಂಗಿನಹಾಲಿನ ಗತಿ? (ತೆಂಗು ಬೆಳೆಗಾರರು, ತಿಪಟೂರು)

ತೆಂಗಿನಹಾಲಿಗೆ ತೊಂದರೆಯಿಲ್ಲ. ಪ್ರಾಣಿಜನ್ಯವಲ್ಲದ ಪಾನೀಯಗಳಿಗೆ ಹಾಲು, ಬೆಣ್ಣೆ, ಗಿಣ್ಣು ಮುಂತಾದ ಡೇರಿ ಹೆಸರುಗಳನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೇಳುತ್ತದೆ, 2021ರಲ್ಲಿ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೂ ಈ ಬಗ್ಗೆ ಸೂಚನೆ ಕೊಟ್ಟಿತ್ತು. ಪರಂಪರೆಯಿಂದ ಬಳಕೆಯಲ್ಲಿದ್ದು ಯಾರನ್ನೂ ಗೊಂದಲಕ್ಕೀಡುಮಾಡದ ಹೆಸರುಗಳಿಗೆ, ಉದಾಹರಣೆಗೆ ತೆಂಗಿನಹಾಲು ಮತ್ತು ಶೇಂಗಾ ಬೆಣ್ಣೆಗೆ, ಈ ನಿರ್ಬಂಧ ಅನ್ವಯಿಸುವುದಿಲ್ಲ. ನೀವು ಡಬ್ಬಕ್ಕೆ ತುಂಬಿ ಮಾರುವುದಾದರೆ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಪಡೆದು, ಏನೇನು ಸೇರಿಸಿದ್ದೀರೆಂಬುದನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಡಬ್ಬದ ಮೇಲೆ ಮುದ್ರಿಸಬೇಕು.